ಕೋಬೆಯ ಮುತ್ತು ಮತ್ತು ಶ್ರಾವಕನ ವಿವೇಕ

ನಮ್ಮ ಹಿರಿಯರಿಗೆ ಪ್ರವಾಸವೆಂದರೆ ಬಹುಮಟ್ಟಿಗೆ ತೀರ್ಥಯಾತ್ರೆಯೇ ಆಗಿತ್ತು. ಹೊಂಬುಜ, ಶ್ರವಣಬೆಳಗೊಳ, ಕಾರ್ಕಳ, ಮೂಡುಬಿದಿರೆಗಳ ದರ್ಶನವಾದರೆ ಜನ್ಮ ಸಾರ್ಥಕವೆಂದು ಅವರು ಭಾವಿಸುತ್ತಿದ್ದರು. ಇಂದು ಮಕ್ಕಳು ಉದ್ಯೋಗ ನಿಮಿತ್ತ ದೇಶಾಂತರಗಳಲ್ಲಿ ನೆಲಸಿರುವುದರಿಂದ, ಇಳಿವಯಸ್ಸಿನಲ್ಲಿ ನಾವೂ ಸಮುದ್ರ ದಾಟುವ ಪ್ರಸಂಗಗಳು ಒದಗುತ್ತಿವೆ. ಅಂಥ ಪ್ರವಾಸದ ಒಂದು ದಿನವನ್ನೂ ಅದರಿಂದ ನಮ್ಮ ಮನೆಯಲ್ಲಿ ಎದ್ದ ಒಂದು ಧರ್ಮಜಿಜ್ಞಾಸೆಯನ್ನೂ ಧರ್ಮಬಂಧುಗಳ ಮುಂದಿಡಲು ಬಯಸುತ್ತೇನೆ.

ನಮ್ಮದು ಶಿಕಾರಿಪುರ ತಾಲ್ಲೂಕಿನ ಈಸೂರು. ವೃತ್ತಿ ಅಡಿಕೆ ಮತ್ತು ಭತ್ತದ ವ್ಯಾಪಾರ. ಮಗನು ಜಪಾನಿನ ಒಸಾಕಾ ನಗರದಲ್ಲಿ ಇಂಜಿನಿಯರನಾಗಿದ್ದಾನೆ. ಕಳೆದ ವರ್ಷ ಚೈತ್ರಮಾಸದಲ್ಲಿ ನಾನೂ ನನ್ನ ಧರ್ಮಪತ್ನಿಯೂ ಅವನಲ್ಲಿಗೆ ಹೋಗಿದ್ದಾಗ, ಒಂದು ಭಾನುವಾರ ಮನೆಮಂದಿಯೆಲ್ಲ ಕೋಬೆ ಎಂಬ ಬಂದರು ನಗರವನ್ನು ನೋಡಲು ಹೊರಟೆವು. ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಸೊಸೆ ಚಪಾತಿ, ಪಲ್ಯ, ಹುರಿದ ಅವಲಕ್ಕಿಗಳನ್ನು ಕಟ್ಟಿಕೊಂಡಿದ್ದಳು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮ ಪರದೇಶದಲ್ಲಿಯೂ ತಪ್ಪಲಿಲ್ಲ.

ಕೋಬೆಯ ಉತ್ತರಕ್ಕೆ ರೊಕ್ಕೊ ಪರ್ವತಶ್ರೇಣಿ, ದಕ್ಷಿಣಕ್ಕೆ ಸಮುದ್ರ. ಇವೆರಡರ ನಡುವಿನ ಕಿರಿದಾದ ನೆಲದಲ್ಲಿ ನಗರವು ಉದ್ದಕ್ಕೆ ಚಾಚಿಕೊಂಡಿದೆ. 1868ರಲ್ಲಿ ಈ ಬಂದರು ವಿದೇಶೀ ಹಡಗುಗಳಿಗೆ ತೆರೆಯಿತು. 1923ರ ಮಹಾಭೂಕಂಪದಲ್ಲಿ ಯೊಕೊಹಾಮಾ ನಾಶವಾದಾಗ, ಅಲ್ಲಿದ್ದ ಭಾರತೀಯ ವರ್ತಕರಲ್ಲಿ ಅನೇಕರು ಕೋಬೆಗೆ ಬಂದು ನೆಲಸಿದರು. ಬೆಟ್ಟದ ಇಳಿಜಾರಿನಲ್ಲಿರುವ ಕಿತಾನೊ ಎಂಬ ಬಡಾವಣೆಯಲ್ಲಿ ಹಳೆಯ ಕಾಲದ ವಿದೇಶೀಯರ ಮನೆಗಳನ್ನು ಕಾಪಾಡಿಕೊಂಡಿದ್ದಾರೆ. ಅಲ್ಲಿಯೇ 1935ರಲ್ಲಿ ಕಟ್ಟಿದ ಮಸೀದಿಯಿದೆ. 1985ರಲ್ಲಿ ನಿರ್ಮಾಣವಾದ ಭಗವಾನ್ ಮಹಾವೀರಸ್ವಾಮಿಯ ಜಿನಮಂದಿರವೂ ಅಲ್ಲಿಯೇ ಇದೆ. ಜಪಾನ್ ದೇಶದ ಮೊದಲ ಜಿನಮಂದಿರ ಇದೇ. ಮಂದಿರವು ಶ್ವೇತಾಂಬರ ಸಂಪ್ರದಾಯದ್ದು, ನಾವು ದಿಗಂಬರರು. ಆದರೆ ಅಷ್ಟು ದೂರದಲ್ಲಿ ಬಿಳಿಯ ಕಲ್ಲಿನ ಆ ಮಂದಿರದ ಮುಂದೆ ನಿಂತು ಣಮೋಕಾರ ಮಂತ್ರವನ್ನು ಹೇಳುವಾಗ ಆ ಭೇದವು ನಮಗೆ ನೆನಪಾಗಲಿಲ್ಲ.

ಮಧ್ಯಾಹ್ನ ಬಂದರಿನ ಕಡೆಗೆ ಇಳಿದೆವು. 108 ಮೀಟರ್ ಎತ್ತರದ ಕೆಂಪು ಗೋಪುರವನ್ನು ಮೊಮ್ಮಗಳು ದೂರದಿಂದಲೇ ಗುರುತಿಸಿದಳು. ಅದರ ಸಮೀಪದ ಮೆರಿಕೆನ್ ಉದ್ಯಾನದಲ್ಲಿ ನಾವು ಹೆಚ್ಚು ಹೊತ್ತು ನಿಂತದ್ದು ಮುರಿದ ಕಟ್ಟೆಯೊಂದರ ಎದುರಿನಲ್ಲಿ. 1995ನೆಯ ಇಸವಿ ಜನವರಿ 17ರಂದು ಬೆಳಗಿನ 5 ಗಂಟೆ 46 ನಿಮಿಷಕ್ಕೆ ಸಂಭವಿಸಿದ ಭೂಕಂಪದಲ್ಲಿ ಆ ಪ್ರಾಂತದ 6,434 ಮಂದಿ ಮೃತರಾದರು. ಬಂದರೆಲ್ಲವನ್ನೂ ಮತ್ತೆ ಕಟ್ಟಿದ ಜನ, ಹಡಗುಕಟ್ಟೆಯ ಸುಮಾರು 60 ಮೀಟರ್ ಭಾಗವನ್ನು ಮಾತ್ರ ದುರಸ್ತಿ ಮಾಡದೆ ಹಾಗೆಯೇ ಬಿಟ್ಟಿದ್ದಾರೆ. ಬಿರಿದ ಕಾಂಕ್ರೀಟು, ವಾಲಿದ ದೀಪದ ಕಂಬ, ಒಳನುಗ್ಗಿದ ಸಮುದ್ರದ ನೀರು ಎಲ್ಲವೂ ಕಾಣುವಂತಿವೆ. ಈಸೂರಿನವರಿಗೆ ಇದು ಅರ್ಥವಾಗದ ಸಂಗತಿಯಲ್ಲ. 1942ರಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡ, ಆ ಹೋರಾಟದ ಫಲವಾಗಿ 1943ರಲ್ಲಿ ಐವರನ್ನು ನೇಣುಗಂಬಕ್ಕೆ ಒಪ್ಪಿಸಬೇಕಾಗಿ ಬಂದ ಊರು ನಮ್ಮದು. ತೆತ್ತ ಬೆಲೆಯನ್ನು ಮುಂದಿನವರ ಕಣ್ಣಿಗೆ ಕಾಣುವಂತೆ ಇಡಬೇಕೆಂಬುದನ್ನು ನಾವು ಹುತಾತ್ಮರ ಸ್ಮಾರಕದ ಮುಂದೆ ಕಲಿತವರು.

ಅಲ್ಲಿಂದ ಮುತ್ತಿನ ಅಂಗಡಿಗೆ ಹೋದೆವು. ಮುಂದಿನ ಮಾಘಮಾಸದಲ್ಲಿ ನಮ್ಮ ಕಿರಿಯ ಮಗಳ ವಿವಾಹ. ಕೋಬೆಯಿಂದ ಅವಳಿಗೊಂದು ಮುತ್ತಿನ ಹಾರ ತರಬೇಕೆಂಬುದು ಮನೆಯ ಹೆಂಗಸರ ಸಂಕಲ್ಪವಾಗಿತ್ತು. ಜಪಾನಿನ ಮುತ್ತಿನ ವ್ಯವಹಾರಕ್ಕೆ ಕೋಬೆಯೇ ಕೇಂದ್ರ. ಮಿಎ, ಎಹಿಮೆ, ನಾಗಾಸಾಕಿ ಪ್ರಾಂತಗಳ ಕೊಲ್ಲಿಗಳಲ್ಲಿ ಬೆಳೆದ ಮುತ್ತುಗಳು ಇಲ್ಲಿಗೆ ಬಂದು, ಬಣ್ಣ, ಕಾಂತಿ, ಗಾತ್ರ, ಆಕಾರಗಳಿಗೆ ಅನುಸಾರವಾಗಿ ವಿಂಗಡಣೆಗೊಂಡು ದೇಶವಿದೇಶಗಳಿಗೆ ಹೋಗುತ್ತವೆ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವುದನ್ನು ಕಂಡ ನನ್ನ ಕಣ್ಣಿಗೆ ಆ ಕೆಲಸ ಆತ್ಮೀಯವಾಗಿಯೇ ಕಂಡಿತು. ಕೋಬೆಯ ಜೈನ ಕುಟುಂಬಗಳಲ್ಲಿ ಹಲವರ ವೃತ್ತಿಯೂ ಮುತ್ತಿನ ವ್ಯಾಪಾರವೇ.

ವ್ಯಾಪಾರಿಯಾದವನು ಸರಕಿನ ಮೂಲವನ್ನು ಕೇಳದೆ ಬೆಲೆ ಕೇಳುವುದಿಲ್ಲ. ನಾನು ಮಗನ ಮೂಲಕ ಅಂಗಡಿಯವರನ್ನು ವಿಚಾರಿಸಿದೆ. ಅವರು ಏನನ್ನೂ ಮರೆಮಾಚದೆ ವಿವರಿಸಿದರು. ಅಕೋಯಾ ಎಂಬ ಜಾತಿಯ ಚಿಪ್ಪನ್ನು ಸ್ವಲ್ಪ ತೆರೆದು, ಒಳಗಿನ ಜೀವಿಯ ಮೈಯನ್ನು ಕೊಯ್ದು, ಅಲ್ಲಿ ಒಂದು ಗುಂಡನ್ನು ಇಡುತ್ತಾರೆ. ಆ ಗುಂಡು ಸಾಮಾನ್ಯವಾಗಿ ಅಮೆರಿಕದ ನದಿಗಳ ಚಿಪ್ಪಿನಿಂದ ಕಡೆದದ್ದು. ಅದರೊಡನೆ ಇನ್ನೊಂದು ಚಿಪ್ಪಿನ ಜೀವಿಯನ್ನು ಕೊಂದು ತೆಗೆದ ಅಂಗಾಂಶದ ಚೂರನ್ನೂ ಇಡಬೇಕು. ಬಳಿಕ ಚಿಪ್ಪನ್ನು ಬುಟ್ಟಿಗಳಲ್ಲಿ ಸಮುದ್ರಕ್ಕೆ ಇಳಿಬಿಡುತ್ತಾರೆ. ಗುಂಡಿನ ಸುತ್ತ ಪದರಗಳು ಕೂಡಿಕೊಂಡ ಮೇಲೆ, ಚಳಿಗಾಲದಲ್ಲಿ ಚಿಪ್ಪನ್ನು ಪೂರ್ತಿ ತೆರೆದು ಮುತ್ತನ್ನು ತೆಗೆಯುತ್ತಾರೆ. ಜೀವಿ ಉಳಿಯುವುದಿಲ್ಲ. ತೆರೆದ ಚಿಪ್ಪುಗಳಲ್ಲೆಲ್ಲ ಒಳ್ಳೆಯ ಮುತ್ತು ಸಿಗುವುದೂ ಇಲ್ಲ. ಒಂದೆಳೆಯ ಹಾರಕ್ಕಾದರೋ ಐವತ್ತಕ್ಕೂ ಹೆಚ್ಚು ಮುತ್ತುಗಳು ಬೇಕು.

ಇದನ್ನು ಕೇಳಿದ ನನ್ನ ಪತ್ನಿ ಕೈಯಲ್ಲಿದ್ದ ಹಾರವನ್ನು ಮೆಲ್ಲನೆ ಕೆಳಗಿಟ್ಟು, "ನನಗೆ ಬೇಡ ರೀ" ಎಂದಳು. ಸೊಸೆ ಒಪ್ಪಲಿಲ್ಲ. "ಅತ್ತೆ, ನಾವು ಉಡುವ ರೇಷ್ಮೆಯ ಗೂಡನ್ನು ಬಿಸಿನೀರಿಗೆ ಹಾಕಿಯೇ ನೂಲು ತೆಗೆಯುತ್ತಾರಲ್ಲ? ನಿಮ್ಮ ಬೆಂಡೋಲೆಯಲ್ಲಿರುವುದೂ ಮುತ್ತೇ ಅಲ್ಲವೇ?" ಎಂದಳು. ನನ್ನ ಕಡೆಗೆ ತಿರುಗಿ, "ಮಾವ, ಬೆಳಿಗ್ಗೆ ನಾವು ಕೈಮುಗಿದ ಮಂದಿರವನ್ನು ಕಟ್ಟಿದ ಸಮಾಜದಲ್ಲಿ ಈ ವ್ಯಾಪಾರದಿಂದಲೇ ಬಾಳಿದವರು ಇದ್ದಾರೆ. ಅವರು ಅಧರ್ಮಿಗಳೇ?" ಎಂದು ಕೇಳಿದಳು. ಅಂಗಡಿಯವರಿಗೆ ವಂದಿಸಿ ಹೊರಬಂದೆವು. ಆದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯುವಂಥದ್ದಾಗಿರಲಿಲ್ಲ. ಊರಿಗೆ ಬಂದ ಮೇಲೆ ಕಪಾಟಿನ ಶ್ರಾವಕಾಚಾರ ಗ್ರಂಥಗಳನ್ನು ತೆಗೆದು ಕುಳಿತೆ.

ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ಮುತ್ತಿನ ಸಿಂಪನ್ನು ಶಂಖ, ಕೃಮಿಗಳೊಡನೆ ದ್ವೀಂದ್ರಿಯ ಜೀವಿಗಳಲ್ಲಿ ಎಣಿಸಿದ್ದಾರೆ. ಸ್ಪರ್ಶ ಮತ್ತು ರಸ ಎಂಬ ಎರಡು ಇಂದ್ರಿಯಗಳಿರುವ ಅದು ತ್ರಸಜೀವ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ನಮ್ಮ ಪರಂಪರೆ, ಗೃಹಸ್ಥನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದೂ ಉಳಿದವನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕೆಂದೂ ಹೇಳುತ್ತದೆ. ಹಾಗಾದರೆ ಮುತ್ತು ಉದ್ಯೋಗೀ ಹಿಂಸೆಯೋ, ಸಂಕಲ್ಪೀ ಹಿಂಸೆಯೋ?

ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕ ಚಂಪುವಿನಲ್ಲಿ ರೈತನನ್ನೂ ಬೆಸ್ತನನ್ನೂ ಹೋಲಿಸಿದ್ದಾರೆ. ರೈತನ ನೇಗಿಲಿಗೆ ಸಿಕ್ಕಿ ಹುಳುಗಳು ಸತ್ತರೂ ಅವನ ಉದ್ದೇಶ ಬೆಳೆ. ಬೆಸ್ತನಿಗೆ ಒಂದು ಮೀನೂ ಸಿಗದ ದಿನವೂ ಅವನ ಉದ್ದೇಶ ಕೊಲ್ಲುವುದೇ. ಪಾಪವನ್ನು ನಿರ್ಣಯಿಸುವುದು ಸಂಕಲ್ಪ ಎಂಬುದು ಇದರ ತಾತ್ಪರ್ಯ. ಮುತ್ತು ಬೆಳೆಯುವುದನ್ನು ಇಂದು ಕೃಷಿ ಎಂದು ಕರೆಯುತ್ತಾರೆ. ಹೆಸರು ರೈತನದಾದರೂ ಕ್ರಿಯೆ ಬೆಸ್ತನದು. ಭತ್ತ ಬೆಳೆಯುವಾಗ ಹುಳು ಸಾಯದಿದ್ದರೆ ರೈತನಿಗೆ ನಷ್ಟವಿಲ್ಲ. ಅಕೋಯಾ ಚಿಪ್ಪನ್ನು ತೆರೆಯದಿದ್ದರೆ ಮುತ್ತೇ ಇಲ್ಲ.

ಇನ್ನು ಮಾರುವವರ ವಿಷಯ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ, ಶ್ರಾವಕನಿಗೆ ವರ್ಜ್ಯವಾದ ಹದಿನೈದು ವೃತ್ತಿಗಳಲ್ಲಿ ದಂತವಾಣಿಜ್ಯವನ್ನು ಹೇಳುವಾಗ, ಪ್ರಾಣಿಗಳ ಅಂಗಗಳನ್ನು ಅವು ದೊರೆಯುವ ಮೂಲಸ್ಥಾನದಲ್ಲಿಯೇ ವ್ಯಾಪಾರಕ್ಕಾಗಿ ಪಡೆಯುವುದನ್ನು ದೋಷವೆಂದಿದ್ದಾರೆ. ಮೂಲದಲ್ಲಿ ಕೊಳ್ಳುವವನು ಕೊಲ್ಲುವವನಿಗೆ ನೇರವಾಗಿ ಪ್ರೇರಣೆ ಕೊಡುತ್ತಾನೆ. ಪೇಟೆಯಲ್ಲಿ ಕೊಳ್ಳುವವನು ಅದರಿಂದ ದೂರ ಎಂಬ ಈ ವಿವೇಚನೆಯನ್ನು ಕಡೆಗಣಿಸಿ, ತಲೆಮಾರುಗಳಿಂದ ಈ ವೃತ್ತಿಯಲ್ಲಿರುವ ಸಹಧರ್ಮಿಗಳನ್ನು ಅಧರ್ಮಿಗಳೆನ್ನುವುದು ಅನೇಕಾಂತವನ್ನು ಬಲ್ಲವರ ಲಕ್ಷಣವಲ್ಲ. ಸೊಸೆಗೂ ನಾನು ಇದನ್ನೇ ಹೇಳಿದೆ.

ಆದರೆ ಆ ದೂರ ಇಂದು ಎಷ್ಟು ಉಳಿದಿದೆ ಎಂಬುದನ್ನು ವ್ಯಾಪಾರಿಯಾಗಿ ನಾನು ಯೋಚಿಸಲೇಬೇಕಾಗಿದೆ. ಮಂಡಿಯಲ್ಲಿ ಅಡಿಕೆಯ ಧಾರಣೆ ಏರಿದರೆ ನಮ್ಮ ತಾಲ್ಲೂಕಿನ ಭತ್ತದ ಗದ್ದೆಗಳು ಅಡಿಕೆಯ ತೋಟಗಳಾಗುತ್ತವೆ. ಅಂಗಡಿಯಲ್ಲಿ ಕೊಂಡ ಗಿರಾಕಿಯೇ ಹೊಲದಲ್ಲಿ ಏನು ನೆಡಬೇಕೆಂಬುದನ್ನು ತೀರ್ಮಾನಿಸುತ್ತಾನೆ. ಹಾಗೆಯೇ ಈ ವರ್ಷ ಮಾರಾಟವಾದ ಹಾರಗಳ ಲೆಕ್ಕವೇ ಮುಂದೆ ಕೊಲ್ಲಿಗೆ ಇಳಿಯುವ ಚಿಪ್ಪುಗಳ ಲೆಕ್ಕವಾಗುತ್ತದೆ. ಕೃತ ಮತ್ತು ಕಾರಿತಗಳಿಂದ ನಾವು ತಪ್ಪಿಸಿಕೊಂಡರೂ ಅನುಮೋದನೆ ನಮ್ಮ ಕೈಯಲ್ಲೇ ಉಳಿಯುತ್ತದೆ. ಕೋಬೆಯ ಜನ ಮುರಿದ ಕಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದಾರೆ. ಹಾರದ ಹೊಳಪಿನಲ್ಲಿ ಅದಕ್ಕಾಗಿ ಸತ್ತ ಜೀವ ಕಾಣುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಸೊಸೆಯ ಆಕ್ಷೇಪದಲ್ಲಿ ಸತ್ಯವಿದೆ. ಮುತ್ತಿಗೆ ಹೇಳಿದ ಮಾತು ರೇಷ್ಮೆಗೂ ಅನ್ವಯಿಸುತ್ತದೆ. ನಮ್ಮ ಮನೆಯಲ್ಲಿ ಇನ್ನು ಹೊಸ ಮುತ್ತನ್ನು ಕೊಳ್ಳುವುದಿಲ್ಲವೆಂದು ನಿರ್ಧರಿಸಿದ್ದೇವೆ. ತಾಯಿಯಿಂದ ಬಂದ ಬೆಂಡೋಲೆಯನ್ನು ನನ್ನ ಪತ್ನಿ ತೆಗೆದುಹಾಕಿಲ್ಲ. ಅದನ್ನು ಎಸೆದರೆ ಯಾವ ಜೀವವೂ ಮರಳಿ ಬರುವುದಿಲ್ಲ. ಧಾರೆಯ ಸೀರೆಯ ವಿಷಯದಲ್ಲಿ ಮಾತ್ರ ಇನ್ನೂ ಒಮ್ಮತವಾಗಿಲ್ಲ. ಮದುಮಗಳು ಹತ್ತಿಯ ಸೀರೆಗೆ ಸಿದ್ಧಳಿದ್ದಾಳೆ, ಬಂಧುಗಳು ಸಿದ್ಧರಿಲ್ಲ.

ಕೊನೆಯದಾಗಿ ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ಯಕ್ಷಿಯ ಅಲಂಕಾರಕ್ಕೆಂದು ಹೊಸ ಮುತ್ತಿನ ಆಭರಣಗಳನ್ನು ಹರಕೆ ಹೊತ್ತು ತರುವ ಭಕ್ತರಿಗೆ, ಮುತ್ತು ಹೇಗೆ ದೊರೆಯುತ್ತದೆಂಬುದನ್ನು ಸೌಮ್ಯವಾಗಿ ತಿಳಿಸಿ, ಅದೇ ಹಣವನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಒಂದಕ್ಕೆ ವಿನಿಯೋಗಿಸುವಂತೆ ಸೂಚಿಸಬಹುದು. ತೀರ್ಮಾನ ಭಕ್ತರದೇ ಆಗಿರಲಿ. ವಿಷಯವನ್ನು ತಿಳಿಸುವ ಹೊಣೆಯನ್ನು ಮಂಡಳಿಗಳು ವಹಿಸಿಕೊಳ್ಳಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.