ಪರದೇಶದ ಒಂದು ಚಿಕ್ಕ ವಿದ್ಯಾಲಯ

ಮಗನನ್ನೋ ಮಗಳನ್ನೋ ವಿದ್ಯಾಭ್ಯಾಸಕ್ಕಾಗಿ ಪರದೇಶಕ್ಕೆ ಕಳುಹಿಸುವ ವಿಚಾರವು ಬಂದಾಗ, ನಮ್ಮ ಮನೆಗಳಲ್ಲಿ ಹಿರಿಯರು ಮೊದಲು ಕೇಳುವ ಪ್ರಶ್ನೆಯು “ಅಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ?” ಎಂಬುದು. ಪ್ರಶ್ನೆಯು ಸಹಜವಾದುದೇ. ಆದರೆ ನಮ್ಮವರೆಂದು ಹೇಳಿಕೊಳ್ಳಲು ಯಾರೂ ಇಲ್ಲದ ಕಡೆಯಲ್ಲಿಯೂ ಓದಿ ಬರಬಹುದು. ಅಲ್ಲಿ ದೊರೆಯುವ ಪಾಠವು ಬೇರೆಯ ಬಗೆಯದು. 2006ರಿಂದ 2009ರ ವರೆಗೆ ನಾನು ಅಂತಹ ಒಂದು ಸ್ಥಳದಲ್ಲಿದ್ದೆನು.

ಜರ್ಮನಿಯ ವಾಯವ್ಯ ಭಾಗದಲ್ಲಿ ವೇಸರ್ ನದಿಯ ದಡದ ಮೇಲೆ ಬ್ರೆಮೆನ್ ಎಂಬ ಹಳೆಯ ವರ್ತಕರ ಪಟ್ಟಣವುಂಟು. ಅದರ ಉತ್ತರದ ಅಂಚಿನಲ್ಲಿರುವ ಗ್ರೋನ್ ಎಂಬಲ್ಲಿ ಈ ವಿದ್ಯಾಲಯವಿದೆ. 2001ರಲ್ಲಿ ಪಾಠಗಳು ಆರಂಭವಾದಾಗ ಇದಕ್ಕೆ ಇಂಟರ್‌ನ್ಯಾಷನಲ್ ಯೂನಿವರ್ಸಿಟಿ ಬ್ರೆಮೆನ್ ಎಂಬ ಹೆಸರಿತ್ತು. ಜೇಕಬ್ಸ್ ಪ್ರತಿಷ್ಠಾನವು ದೊಡ್ಡ ಮೊತ್ತವನ್ನು ದಾನವಿತ್ತ ಮೇಲೆ 2007ರಲ್ಲಿ ಜೇಕಬ್ಸ್ ಯೂನಿವರ್ಸಿಟಿಯಾಯಿತು. 2022ರಲ್ಲಿ ಕನ್‌ಸ್ಟ್ರಕ್ಟರ್ ಯೂನಿವರ್ಸಿಟಿ ಎಂದಾಯಿತು. ಹೆಸರು ಬದಲಾಯಿಸುವುದರಲ್ಲಿ ಇದು ನಮ್ಮ ಹೆಣ್ಣುಮಕ್ಕಳನ್ನೂ ಮೀರಿಸಿತು. ಅವರು ಮದುವೆಯ ಕಾಲದಲ್ಲಿ ಒಂದು ಸಲ ಮಾತ್ರ ಬದಲಾಯಿಸುತ್ತಾರೆ.

ಆ ಕಟ್ಟಡಗಳ ಕಥೆಯನ್ನು ಹೇಳದೆ ಮುಂದೆ ಹೋಗಲಾರೆನು. ಅವು ವಿದ್ಯಾಲಯಕ್ಕಾಗಿ ಕಟ್ಟಿದವುಗಳಲ್ಲ. 1930ರ ದಶಕದಲ್ಲಿ ಹಿಟ್ಲರನ ಸೈನ್ಯಕ್ಕಾಗಿ ಎದ್ದ ದಂಡಿನ ಮನೆಗಳು. 1945ರಲ್ಲಿ ಯುದ್ಧವು ಮುಗಿದ ಬಳಿಕ, ನೆಲೆ ಕಳೆದುಕೊಂಡಿದ್ದ ಲಾಟ್ವಿಯ, ಎಸ್ಟೋನಿಯ, ಯುಕ್ರೇನ್ ಮುಂತಾದ ದೇಶಗಳ ಜನರಿಗೆ ಇದೇ ಗ್ರೋನ್ ಶಿಬಿರವಾಯಿತು. ಬ್ರೆಮರ್‌ಹಾಫೆನ್ ಬಂದರಿನಿಂದ ಅಮೆರಿಕೆಗೆ ಹೊರಡುವ ಹಡಗನ್ನು ಕಾಯುತ್ತ ಅವರು ಇಲ್ಲಿ ದಿನಗಳನ್ನು ಎಣಿಸಿದರು. ಅನಂತರ ಪುನಃ ಜರ್ಮನ್ ಸಿಪಾಯಿಗಳು ಬಂದರು. ಅವರು ತೆರವು ಮಾಡಿದ ಮೇಲೆ ನಾವು. ಮಳೆಗಾಲದಂತೆ ಮೋಡ ಕವಿದ ನವೆಂಬರಿನ ಸಂಜೆಗಳಲ್ಲಿ ನನ್ನ ಕಿಟಕಿಯ ಬಳಿ ಹಿಂದೆ ಯಾರು ನಿಂತಿದ್ದಿರಬಹುದೆಂದು ಯೋಚಿಸುವುದು ನನಗೆ ಅಭ್ಯಾಸವಾಗಿತ್ತು.

ನನ್ನ ಕಾಲದಲ್ಲಿ ವಿದ್ಯಾರ್ಥಿಗಳು ಸಾವಿರಕ್ಕೆ ಸ್ವಲ್ಪ ಮೇಲೆ. ಅವರ ದೇಶಗಳೋ ಎಂಬತ್ತಕ್ಕೂ ಹೆಚ್ಚು. ಹೀಗಾಗಿ ಒಬ್ಬೊಬ್ಬರ ಪಾಲಿಗೂ ಸ್ವದೇಶದವರು ಬೆರಳೆಣಿಕೆಯಷ್ಟೇ. ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ನಮ್ಮವರು ಒಂದು ಕಡೆ ಕೂಡಿ ಅನ್ನ ಸಾರು ಮಾಡಿಕೊಂಡು, ಹೊರಗಿನವರ ಮುಖವನ್ನು ನೋಡದೆಯೇ ಪದವಿಯನ್ನು ಪಡೆದು ಬರುವುದುಂಟು. ಇಲ್ಲಿ ಅದು ಸಾಧ್ಯವಿರಲಿಲ್ಲ. ಪಾಠವು ಇಂಗ್ಲಿಷಿನಲ್ಲಿ, ಅದು ನಮ್ಮಲ್ಲಿ ಬಹುಮಂದಿಗೆ ತಾಯಿನುಡಿಯಲ್ಲವಾದುದರಿಂದ ಉಚ್ಚಾರಣೆಗಾಗಿ ಯಾರೂ ಯಾರನ್ನೂ ನಗುತ್ತಿರಲಿಲ್ಲ. ಜರ್ಮನ್ ಭಾಷೆಯನ್ನು ಮಾತ್ರ ಪೇಟೆಯಲ್ಲಿ, ಆಲೂಗಡ್ಡೆ ಕೊಳ್ಳುತ್ತ ಕಲಿಯಬೇಕಾಯಿತು. ನಮ್ಮ ಅಂತಸ್ತಿಗೆ ಒಂದೇ ಅಡಿಗೆಮನೆ. ರವೆ, ಸಾಸಿವೆ ಅಲ್ಲಿಯೇ ಸಿಕ್ಕುತ್ತಿದ್ದುವು; ಕರಿಬೇವನ್ನು ನನ್ನ ತಾಯಿಯವರು ಒಣಗಿಸಿ ಕಳುಹಿಸುತ್ತಿದ್ದರು.

ಎರಡೆರಡು ಕೋಣೆಗಳಿಗೆ ಒಂದು ಬಚ್ಚಲುಮನೆ. ನನ್ನ ಎದುರಿನ ಜೋಡಿಯಲ್ಲಿ ಒಬ್ಬಳು ಜಾರ್ಜಿಯದವಳು, ಇನ್ನೊಬ್ಬಳು ರಷ್ಯದವಳು. 2008ರ ಆಗಸ್ಟಿನಲ್ಲಿ, ನಾವೆಲ್ಲ ರಜೆಗೆ ಊರಿಗೆ ಹೋಗಿದ್ದಾಗ, ಅವರ ಎರಡು ದೇಶಗಳಿಗೂ ಐದು ದಿನಗಳ ಯುದ್ಧವಾಯಿತು. ಗೋರಿ ಪಟ್ಟಣದಲ್ಲಿದ್ದ ಜಾರ್ಜಿಯದವಳ ಚಿಕ್ಕಮ್ಮನು ಮಕ್ಕಳೊಡನೆ ಮನೆ ಬಿಟ್ಟು ಓಡಿದ್ದಳು. ರಷ್ಯದವಳ ಅಣ್ಣನು ಸೈನ್ಯದಲ್ಲಿದ್ದನು.

ಸೆಪ್ಟೆಂಬರಿನಲ್ಲಿ ಇಬ್ಬರೂ ಹಿಂದಿರುಗಿದರು. ಕೋಣೆಯನ್ನು ಬದಲಾಯಿಸಿ ಕೊಡಿರೆಂದು ಇಬ್ಬರಲ್ಲಿ ಒಬ್ಬಳೂ ಕೇಳಲಿಲ್ಲ. ಬಚ್ಚಲಿನ ಬಾಗಿಲನ್ನು ತಟ್ಟುವುದು, “ಕ್ಷಮಿಸು” ಎನ್ನುವುದು, ಇಷ್ಟೇ ಅವರ ಮಾತು. ಮೂರನೆಯ ವಾರವಿರಬೇಕು, ನಾನು ಉಪ್ಪಿಟ್ಟು ತಿರುವುತ್ತಿದ್ದೆನು. ಇಬ್ಬರೂ ತಟ್ಟೆ ಹಿಡಿದು ಬಂದಿದ್ದರು. ರಷ್ಯದವಳು ಒಲೆಯನ್ನೇ ನೋಡುತ್ತ, “ನಿನ್ನ ಚಿಕ್ಕಮ್ಮ ಮನೆಗೆ ಬಂದರೇ?” ಎಂದಳು. ಬಹಳ ಹೊತ್ತಾದ ಮೇಲೆ ಉತ್ತರ ಬಂದಿತು: “ಬಂದರು. ನಿನ್ನ ಅಣ್ಣ?” “ಮನೆಯಲ್ಲಿದ್ದಾನೆ.” ಮತ್ತಾವ ಮಾತೂ ಆಗಲಿಲ್ಲ. ನಾನು ಬಡಿಸಿದೆನು.

ಅಂದಿನಿಂದ ಅವರು ಪ್ರಾಣಸಖಿಯರಾದರೆಂದು ಬರೆದರೆ ಸುಳ್ಳಾದೀತು. ರಾಜಕೀಯವನ್ನು ಕುರಿತು ಅವರ ಅಭಿಪ್ರಾಯಗಳು ಎಳ್ಳಷ್ಟೂ ಸಮೀಪಿಸಲಿಲ್ಲವೆಂದೇ ನನ್ನ ಎಣಿಕೆ. ಆದರೆ ದ್ವೇಷವನ್ನು ಸಾಧಿಸುವುದಕ್ಕೂ ಸ್ವಲ್ಪ ದೂರವು ಬೇಕು. ಒಂದೇ ಬಚ್ಚಲು, ಒಂದೇ ಒಲೆ ಇರುವ ಕಡೆಯಲ್ಲಿ ಆ ದೂರವು ಸಿಕ್ಕುವುದಿಲ್ಲ. ಮುಂದಿನ ವರ್ಷ ಪದವಿಯನ್ನು ಪಡೆದು ಮೂವರೂ ಮೂರು ದಿಕ್ಕಾದೆವು. ಹೊಸ ವರ್ಷಕ್ಕೆ ಇಬ್ಬರಿಂದಲೂ ನನಗೆ ಎರಡು ಸಾಲು ಬರುತ್ತಿತ್ತು. ಒಬ್ಬಳ ಪತ್ರದಲ್ಲಿ ಇನ್ನೊಬ್ಬಳ ಹೆಸರಿರುತ್ತಿರಲಿಲ್ಲ.

2022ರ ಫೆಬ್ರವರಿಯಲ್ಲಿ ರಷ್ಯದ ಸೈನ್ಯವು ಯುಕ್ರೇನನ್ನು ಹೊಕ್ಕ ವಾರದಲ್ಲಿಯೇ ಟ್ಬಿಲಿಸಿಯಿಂದ ಪತ್ರ ಬಂದಿತು. ಕುಶಲಪ್ರಶ್ನೆಯೂ ಇರಲಿಲ್ಲ. “ಅವಳ ಈಗಿನ ವಿಳಾಸ ನಿನ್ನಲ್ಲಿದೆಯೇ? ಅವಳ ಅಣ್ಣ ಎಲ್ಲಿದ್ದಾನೆ?” ಎಂದಿಷ್ಟೇ ಇತ್ತು. ವಿಳಾಸವನ್ನು ಅಂದೇ ಕಳುಹಿಸಿದೆನು. ಅಣ್ಣನ ವಿಚಾರವು ನನಗೂ ತಿಳಿದಿರಲಿಲ್ಲ.