ಕಾರು ಹೋಗದ ದ್ವೀಪಕ್ಕೆ ಅವ್ವನ ಜೊತೆ

“ಕಾರು ಇಲ್ಲದ ಊರು ನೋಡಕ್ಕೆ ಕಾರಲ್ಲಿ ಹೋಗಿ, ದುಡ್ಡು ಬೇರೆ ಕೊಡಬೇಕಾ? ನಾನು ಮದುವೆಯಾಗಿ ಬಂದಾಗ ನಮ್ಮ ಸುತ್ತೂರೂ ಹಂಗೇ ಇತ್ತು ಕಣವ್ವ.”

ಡಿಸೆಂಬರ್ ರಜೆಯ ಪ್ಲಾನ್ ಹೇಳಿದಾಗ ಅವ್ವ ಅಂದಿದ್ದು ಇಷ್ಟೇ. ನಾನು ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೆಲಸ ಮಾಡೋಳು. ದಿನಕ್ಕೆ ಮೂರು ಗಂಟೆ ಟ್ರಾಫಿಕ್‌ನಲ್ಲೇ ಹೋಗುತ್ತೆ. ಹಾರ್ನ್ ಕೇಳದ, ಸುತ್ತ ನೀರಿರುವ, ಮರಗಳಿರುವ ಒಂದು ಜಾಗದಲ್ಲಿ ಎರಡು ದಿನ ಸುಮ್ಮನೆ ಇರಬೇಕು ಅಂತ ಬಹಳ ದಿನದ ಆಸೆ. ಈ ಸಲ ಅವ್ವನನ್ನೂ ಕರೆದುಕೊಂಡೇ ಹೋಗಬೇಕು ಅಂತ ಹಟ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಅವರ ಅಸ್ಥಿಯನ್ನು ತಿರುಮಕೂಡಲಿನ ಸಂಗಮದಲ್ಲಿ ಬಿಟ್ಟು ಬಂದ ಮೇಲೆ ಅವ್ವ ಊರು ಬಿಟ್ಟು ಹೊರಟಿದ್ದೇ ಇಲ್ಲ. ಮಂಡಿ ನೋವು ಬೇರೆ. ಮುಂದಿನ ವರ್ಷ ಇಷ್ಟು ನಡೀತಾರೋ ಇಲ್ಲವೋ ಅನ್ನೋ ಭಯ ನನಗಿತ್ತು.

ಮೊದಲು ಮನಸ್ಸು ಹೋಗಿದ್ದು ಲಕ್ಷದ್ವೀಪದ ಕಡೆಗೆ. ಅಲ್ಲಿ 36 ದ್ವೀಪಗಳಿವೆ, ಜನ ವಾಸ ಮಾಡೋದು 10ರಲ್ಲಿ ಮಾತ್ರ. ಹೋಗೋದಕ್ಕೆ ಮುಂಚೆಯೇ ಪರ್ಮಿಟ್ ಬೇಕು. ಕೊಚ್ಚಿಯಿಂದ ಹಡಗು ಹಿಡಿಯಬೇಕು, ಇಲ್ಲಾಂದ್ರೆ ಅಗತ್ತಿಗೆ ವಿಮಾನ. ನಾಲ್ಕು ಜನರ ಖರ್ಚು ಕೂಡಿಸಿ ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ಆಮೇಲೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತಿರುವ ಕಲ್ಲುಗಳನ್ನು ನೋಡೋಕೆ ಅದು ಚೆಂದದ ಜಾಗ. ಆದರೆ ಬೆಳಿಗ್ಗೆ ಬೋಟಿನಲ್ಲಿ ಹೋಗಿ ಸಂಜೆಯೊಳಗೆ ವಾಪಸ್ ಬರಬೇಕು. ನೆರಳೂ ಕಡಿಮೆ. ಸಮುದ್ರ ಅಂದ ಕೂಡಲೇ ಅವ್ವ “ನಾನು ಮನೇಲೇ ಇರ್ತೀನಿ, ನೀವು ಹೋಗ್ಬನ್ನಿ” ಅಂದುಬಿಟ್ಟರು.

ಒಂದು ರಾತ್ರಿ ಮೊಬೈಲಿನಲ್ಲಿ ಮ್ಯಾಪ್ ತೆಗೆದು ಸುತ್ತೂರಿನಿಂದ ಕಪಿಲೆಯ ನೀಲಿ ಗೆರೆ ಹಿಡಿದು ಮೇಲಕ್ಕೆ ಬೆರಳು ಓಡಿಸಿದೆ. ನಂಜನಗೂಡು, ಹುಲ್ಲಹಳ್ಳಿ, ಬೀಚನಹಳ್ಳಿಯ ಕಬಿನಿ ಅಣೆಕಟ್ಟು, ಅದರ ಹಿನ್ನೀರು, ಬಾವಲಿ. ಅಲ್ಲಿಂದ ಕೇರಳದ ವಯನಾಡು. ಗಡಿ ದಾಟಿದ ಸ್ವಲ್ಪ ದೂರದಲ್ಲಿ ಹೊಳೆ ಹತ್ತಾರು ಕವಲಾಗಿ ಒಡೆದು, ನಡುವೆ ಹಸಿರು ತುಂಡುಗಳನ್ನು ಬಿಟ್ಟಿತ್ತು. ಅದೇ ಕುರುವಾ ದ್ವೀಪ. ಸುಮಾರು 950 ಎಕರೆ ಕಾಡು. ಮನೆ ಇಲ್ಲ, ಹೋಟೆಲ್ ಇಲ್ಲ, ರಸ್ತೆ ಇಲ್ಲ. ಒಳಗೆ ಹೋಗೋದಕ್ಕೆ ಬಿದಿರಿನ ತೆಪ್ಪ, ಆಮೇಲೆ ನಮ್ಮ ಕಾಲು.

ಅದಕ್ಕಿಂತ ಸ್ವಲ್ಪ ಮೇಲೆ ಪನಮರಂ ಹೊಳೆ, ಮಾನಂದವಾಡಿ ಹೊಳೆ ಎರಡೂ ಸೇರಿ ಕಬಿನಿ ಆಗುತ್ತೆ. ಕಬಿನಿ ಅಂದ್ರೆ ನಮ್ಮ ಕಪಿಲೆಯೇ. ವಯನಾಡಿನಲ್ಲಿ ಮಳೆ ಜೋರಾದರೆ ನಂಜನಗೂಡಿನ ಸ್ನಾನಘಟ್ಟ ಮುಳುಗುತ್ತೆ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಆ ವಯನಾಡು ಹೇಗಿದೆ ಅಂತ ಮಾತ್ರ ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಮ್ಯಾಪ್ ತೋರಿಸಿದಾಗ ಅವ್ವ ಕನ್ನಡಕ ಹಾಕಿಕೊಂಡರು. “ನಮ್ಮ ಹೊಳೆ ಬರೋ ಜಾಗವಾ?” ಅಂದರು. ಮರುದಿನವೇ ಬಟ್ಟೆ ಜೋಡಿಸಿದರು.

ಶನಿವಾರ ಬೆಳಿಗ್ಗೆ ಹೊರಟೆವು. ನಂಜನಗೂಡಿನಿಂದ ಹುಲ್ಲಹಳ್ಳಿ, ಎಚ್.ಡಿ. ಕೋಟೆ, ಅಂತರಸಂತೆ ದಾಟಿ ನಾಗರಹೊಳೆ ಕಾಡಿನ ರಸ್ತೆ. ಬಾವಲಿ ಚೆಕ್‌ಪೋಸ್ಟ್ ಆದಮೇಲೆ ಕಾಟಿಕುಳಂ, ಅಲ್ಲಿಂದ ಪಾಲ್‌ವೆಳಿಚ್ಚಂ. ದಾರಿಯಲ್ಲಿ ಇಡ್ಲಿ, ಕಾಫಿ, ಮಗಳ ಜಿಂಕೆ ಎಣಿಕೆ ಎಲ್ಲಾ ಸೇರಿ ಟಿಕೆಟ್ ಕೌಂಟರ್ ಮುಂದೆ ನಿಂತಾಗ ಹನ್ನೊಂದೂವರೆ. ಆ ದಿನದ ಟಿಕೆಟ್ ಮುಗಿದಿತ್ತು.

ತಪ್ಪು ಪೂರ್ತಿ ನನ್ನದೇ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರೋದನ್ನು ಓದಿದ್ದೆ. ಆದರೂ “ಹೋದರೆ ಸಿಗುತ್ತೆ ಬಿಡು” ಅಂದುಕೊಂಡಿದ್ದೆ. ಅವ್ವ ಅಲ್ಲೇ ಕಟ್ಟೆ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಾ, “ನಂಜುಂಡನ ದರ್ಶನಕ್ಕೇ ಕತ್ತಲಲ್ಲಿ ಎದ್ದು ಹೋಗ್ತೀವಿ. ಇಲ್ಲಿಗೆ ತಿಂಡಿ ತಿಂದ್ಕೊಂಡು ನಿಧಾನಕ್ಕೆ ಬಂದ್ರೆ?” ಅಂದರು. ನನ್ನ ಗಂಡ ನಕ್ಕರು. ನನಗೆ ಅಳು ಬರೋ ಹಾಗಿತ್ತು.

ಪುಣ್ಯಕ್ಕೆ ಹತ್ತಿರದಲ್ಲೇ ಒಂದು ಹೋಂಸ್ಟೇ ಬುಕ್ ಮಾಡಿದ್ದೆ. ಅದರ ಯಜಮಾನರು ಕನ್ನಡದಲ್ಲೇ ಮಾತಾಡಿಸಿದರು. ವಯನಾಡಿನ ಎಷ್ಟೋ ರೈತರ ಹಾಗೆ ಅವರೂ ನಮ್ಮ ಮೈಸೂರು ಜಿಲ್ಲೆಯಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆದವರು. ನಂಜನಗೂಡು ತಾಲ್ಲೂಕಿನ ಹಳ್ಳಿಗಳ ಹೆಸರು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅವ್ವನಿಗೆ ಮಾತಾಡಲು ಜನ ಸಿಕ್ಕಿದ ಹಾಗಾಯ್ತು. ಶುಂಠಿ ರೇಟು, ಗುತ್ತಿಗೆ ದುಡ್ಡು, ಮಣ್ಣು ಹಾಳಾಗುತ್ತೋ ಇಲ್ಲವೋ ಅಂತ ಇಬ್ಬರೂ ರಾತ್ರಿ ಊಟದವರೆಗೆ ವಾದ ಮಾಡಿದರು. ಕುಚಲಕ್ಕಿ ಅನ್ನ ಮಾತ್ರ ಅವ್ವನಿಗೆ ಇಳಿಯಲಿಲ್ಲ. “ಒಂದು ಮುದ್ದೆ ಇದ್ದಿದ್ರೆ...” ಅಂತ ನನ್ನ ಕಿವಿಯಲ್ಲಿ ಹೇಳಿದರು.

ಜನರಿಗೆ ಮಿತಿ ಯಾಕೆ ಅಂತ ಅವರೇ ಹೇಳಿದ್ದು. 2024ರ ಫೆಬ್ರವರಿಯಲ್ಲಿ ಕುರುವಾ ಪ್ರವಾಸಿ ಕೇಂದ್ರದ ಒಬ್ಬ ಕೆಲಸಗಾರ ಕಾಡಾನೆ ದಾಳಿಯಲ್ಲಿ ತೀರಿಕೊಂಡರು. ದ್ವೀಪ ತಿಂಗಳುಗಟ್ಟಲೆ ಮುಚ್ಚಿತ್ತು. ವಿಷಯ ಕೇರಳ ಹೈಕೋರ್ಟ್‌ವರೆಗೂ ಹೋಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮತ್ತೆ ತೆರೆದಾಗ ಒಳಗೆ ಬಿಡೋ ಜನರ ಸಂಖ್ಯೆ ಕಡಿಮೆ ಮಾಡಿದರು. ಹೊಳೆ ದಾಟಿ ಆನೆಗಳು ದ್ವೀಪಕ್ಕೆ ಬರ್ತವೆ. ಅದು ಅವುಗಳ ಜಾಗ. ಮುಚ್ಚಿದಾಗ ತೆಪ್ಪ ನಡೆಸೋರು, ಅಂಗಡಿಯೋರು, ಹೋಂಸ್ಟೇಯೋರು ಎಲ್ಲರ ಸಂಪಾದನೆಯೂ ನಿಲ್ಲುತ್ತೆ. ಹೆಚ್ಚು ಜನರನ್ನು ಬಿಟ್ಟರೆ ಕಾಡು ಹಾಳು. ಟಿಕೆಟ್ ಸಿಗದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ನಾನು ಹುಡುಕಿಕೊಂಡು ಬಂದಿದ್ದ ಶಾಂತಿ ಉಳಿದಿರೋದೇ ಆ ಮಿತಿಯಿಂದ ಅಲ್ವಾ?

ಭಾನುವಾರ ಕೌಂಟರ್ ತೆರೆಯೋ ಮೊದಲೇ ಸಾಲಿನಲ್ಲಿದ್ದೆವು. ತೆಪ್ಪ ಅಂದ್ರೆ ದಪ್ಪ ಬಿದಿರುಗಳನ್ನು ಒಟ್ಟಿಗೆ ಕಟ್ಟಿದ ಹಾಸು. ಅವ್ವ ಹೆದರುತ್ತಾರೆ ಅಂತ ನಾನು ಕೈ ಹಿಡಿದರೆ, “ಬಿಡು, ಮದುವೇಲಿ ಅರಗೋಲಲ್ಲಿ ಹೊಳೆ ದಾಟಿ ಬಂದೋಳು ನಾನು” ಅಂತ ಅವರೇ ಮುಂದೆ ಹೋಗಿ ಕೂತರು. ಕೂಗಾಡಿದ್ದು ನನ್ನ ಮಗಳು.

ದ್ವೀಪದ ಒಳಗೆ ಬಿಸಿಲು ನೆಲಕ್ಕೆ ಬೀಳೋದೇ ಕಷ್ಟ. ದೊಡ್ಡ ದೊಡ್ಡ ಮರ, ಬಿದಿರು ಮೆಳೆ, ಕಾಲಿಗೆ ಅಡ್ಡ ಬರೋ ಬೇರು, ಮಧ್ಯೆ ಮಧ್ಯೆ ಕಲ್ಲಿನ ಮೇಲೆ ಹರಿಯೋ ತಿಳಿನೀರು. ಚಿಟ್ಟೆಗಳು ಒದ್ದೆ ಮಣ್ಣಿನ ಮೇಲೆ ಗುಂಪಾಗಿ ಕೂತಿದ್ದವು. ಸ್ವಲ್ಪ ದೂರಕ್ಕೇ ಅವ್ವನ ಮಂಡಿ ಸಾಕು ಅಂದಿತು. ಗಂಡ, ಮಗಳು ಉಳಿದವರ ಜೊತೆ ಮುಂದೆ ಹೋದರು. ನಾವಿಬ್ಬರೂ ವಾಪಸ್ ಬಂದು, ಅಲ್ಲಿನ ಸಿಬ್ಬಂದಿ ಕಣ್ಣಳತೆಯಲ್ಲೇ ಇರಿ ಅಂದ ಕಡೆ, ದಡದ ಹತ್ತಿರ ಕೂತೆವು.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅಪ್ಪ ಹೋದ ಮೇಲೆ ಅವ್ವನ ಪಕ್ಕ ಎರಡು ಗಂಟೆ ಹೀಗೆ ಕೂತಿದ್ದು ಅದೇ ಮೊದಲು. ಊರಿಗೆ ಹೋದಾಗಲೂ ನನಗೆ ಯಾವುದೋ ಕಾಲ್, ಅವರಿಗೆ ಅಡುಗೆ ಮನೆ. ಅಪ್ಪನ ಮಾತು ಬಂದರೆ ಇಬ್ಬರೂ ಬೇರೆ ಕಡೆಗೆ ತಿರುಗಿಸಿಬಿಡ್ತಿದ್ದೆವು.

ಅವ್ವ ನೀರು ನೋಡ್ತಾ ಹೇಳಿದರು: “ನಿಮ್ಮಪ್ಪನ ಬಿಟ್ಟಿದ್ದು ಕೆಳಗಡೆ. ಇಲ್ಲಿ ಅವರಿಲ್ಲ. ಈ ನೀರು ಇನ್ನೂ ಅವರ ಹತ್ರಕ್ಕೆ ಹೋಗಬೇಕು.”

ಆಮೇಲೆ ಅಪ್ಪನ ವಿಷಯ ತುಂಬಾ ಮಾತಾಡಿದೆವು. ಆಸ್ಪತ್ರೆಯ ಕೊನೇ ರಾತ್ರಿ ನಾನು ಬೆಂಗಳೂರಿನಿಂದ ಬರೋದು ತಡವಾದ ಬಗ್ಗೆಯೂ. ಎರಡು ವರ್ಷದಿಂದ ನನ್ನೊಳಗೆ ಕೊರೀತಿದ್ದ ವಿಷಯ ಅದು. “ಅವರಿಗೆ ಎಚ್ಚರವೇ ಇರಲಿಲ್ಲ ಕಣವ್ವ. ನೀನು ಬಂದಿದ್ರೂ ಗೊತ್ತಾಗ್ತಿರಲಿಲ್ಲ” ಅಂದರು. ಸೆರಗಿನಲ್ಲಿ ಅರಿಶಿನ ಕುಂಕುಮದ ಪೊಟ್ಟಣ ಕಟ್ಟಿಕೊಂಡು ಬಂದಿದ್ದರು. ಹೊಳೆಗೆ ಏನೂ ಹಾಕಬಾರದು ಅಂತ ನಾನು ಹೇಳಿದ ಮೇಲೆ ಅದನ್ನು ಬಿಚ್ಚಲೇ ಇಲ್ಲ. ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ಅಷ್ಟೇ.

ನೀವೂ ಹೋಗೋದಾದ್ರೆ, ನನ್ನ ತಪ್ಪು ಮಾಡಬೇಡಿ ಅಂತ ಒಂದಿಷ್ಟು ಮಾತು:

– ಮಳೆಗಾಲದಲ್ಲಿ ಹೊಳೆ ತುಂಬಿದಾಗ ದ್ವೀಪ ಮುಚ್ಚಿರುತ್ತೆ. ಡಿಸೆಂಬರ್, ಜನವರಿ ಒಳ್ಳೇದು. ಆಗಲೂ ತೆರೆದಿದೆಯಾ ಅಂತ ಹೊರಡೋ ಹಿಂದಿನ ದಿನ ವಿಚಾರಿಸಿ.

– ಹಿಂದಿನ ರಾತ್ರಿಯೇ ಹತ್ತಿರ ಬಂದು ಉಳಿಯಿರಿ. ಸಾಧ್ಯವಾದರೆ ಶನಿವಾರ, ಭಾನುವಾರ ಬಿಡಿ. ದ್ವೀಪದ ಒಳಗೆ ರಾತ್ರಿ ಉಳಿಯೋ ಹಾಗಿಲ್ಲ.

– ಎರಡು ಕಡೆಯಿಂದ ಪ್ರವೇಶ ಇದೆ. ಬಾವಲಿ ದಾರಿಯಲ್ಲಿ ಬಂದರೆ ಪಾಲ್‌ವೆಳಿಚ್ಚಂ ಹತ್ತಿರ. ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ದಾರಿಯಲ್ಲಿ ಬಂದರೆ ಪುಲ್ಪಳ್ಳಿ ಕಡೆಯ ಪಾಕ್ಕಂ.

– ಬಾವಲಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ವಾಪಸ್ ಹೊರಡೋ ಟೈಮ್ ಮೊದಲೇ ಲೆಕ್ಕ ಹಾಕಿ.

– ಜಾರದ ಚಪ್ಪಲಿ ಅಥವಾ ಶೂ ಹಾಕಿಕೊಳ್ಳಿ, ಸ್ವಲ್ಪ ನಗದು ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಬೇಡ. ನೀರು ಆಳ ಇಲ್ಲ ಅನಿಸಿದರೂ ಇಳಿಯಬೇಡಿ.

– ವಯಸ್ಸಾದವರು ಜೊತೆಗಿದ್ದರೆ ಪೂರ್ತಿ ಸುತ್ತಲೇಬೇಕು ಅಂತ ಹಟ ಮಾಡಬೇಡಿ. ಕೂತು ನೋಡೋಕೂ ಅಲ್ಲಿ ಬೇಕಾದಷ್ಟಿದೆ.

ಸುತ್ತೂರಿಗೆ ಬಂದ ಮರುದಿನ ಬೆಳಿಗ್ಗೆ ಅವ್ವ ಪಕ್ಕದ ಮನೆಯೋರಿಗೆ ವರದಿ ಒಪ್ಪಿಸ್ತಿದ್ದರು. ತೆಪ್ಪ, ಶುಂಠಿ, ಕುಚಲಕ್ಕಿ ಎಲ್ಲಾ ಬಂತು. ಜಾತ್ರೆಗೆ ಬರೋ ನೆಂಟರಿಗೆಲ್ಲಾ ಈ ಕತೆ ಗ್ಯಾರಂಟಿ. ನಾನು ಬ್ಯಾಗ್ ಎತ್ತಿಕೊಂಡು ಹೊರಟಾಗ ಕರೆದು ಕೇಳಿದರು: “ಅಲ್ಲ ಕಣವ್ವ, ಸಂಗಮ ಆದಮೇಲೆ ನಮ್ಮ ಹೊಳೆ ಸಮುದ್ರ ಸೇರೋದು ಎಲ್ಲಿ?”

ತಮಿಳುನಾಡಿನ ಪೂಂಪುಹಾರ್. ಸಮುದ್ರ ಬೇಡ ಅಂದಿದ್ದೋರು ಈಗ ಅಲ್ಲಿಗೆ ಹೋಗಬೇಕಂತೆ. ಟ್ರೈನ್ ಹುಡುಕ್ತಾ ಇದ್ದೀನಿ.