ನದಿ ಎದುರಿಗಿದ್ದರೂ

"ಭೂಮಧ್ಯರೇಖೆ ಕಾಲ್ಪನಿಕ ಕಣ್ರೋ, ಹುಡುಕಿಕೊಂಡು ಹೋದರೆ ಸಿಗಲ್ಲ" ಎನ್ನುತ್ತಿದ್ದರು ನಮ್ಮ ಭೂಗೋಳದ ಮೇಷ್ಟ್ರು. ಬ್ರೆಜಿಲ್‌ನ ಮಕಾಪಾದಲ್ಲಿ ನನಗದು ಸಿಕ್ಕಿತು. 'ಮಾರ್ಕೊ ಜೆರೊ' ಸ್ಮಾರಕದ ಬಳಿ ನೆಲದ ಮೇಲೇ ಗೆರೆ ಎಳೆದಿದ್ದಾರೆ. ಎರಡು ಅರ್ಧಗೋಳಗಳಲ್ಲಿ ಒಂದೊಂದು ಕಾಲಿಟ್ಟು ನಾನೂ ಫೋಟೊ ತೆಗೆಸಿಕೊಂಡೆ. ಪಕ್ಕದ ಫುಟ್‌ಬಾಲ್ ಮೈದಾನದ ನಡುಗೆರೆಯೂ ಇದೇ ರೇಖೆ ಎಂಬುದು ಊರವರ ಹೆಮ್ಮೆ.

ಅರ್ಧಗೋಳ ದಾಟುವುದು ಇಷ್ಟು ಸಲೀಸು, ಊರು ದಾಟುವುದಲ್ಲ. ಅಮಪಾ ರಾಜ್ಯದ ರಾಜಧಾನಿಯಾದರೂ ಇಲ್ಲಿಂದ ದೇಶದ ಉಳಿದ ಭಾಗಕ್ಕೆ ರಸ್ತೆಯಿಲ್ಲ. ವಿಮಾನ ಹತ್ತಬೇಕು, ಇಲ್ಲವೇ ದೋಣಿಯಲ್ಲಿ ಜೋಲಿ ಕಟ್ಟಿ ಮಲಗಿ, ಸುಮಾರು ಒಂದು ದಿನ ತೇಲಿ ಬೆಲೆಂ ಸೇರಬೇಕು.

ಸಂಜೆ ಸಾವೊ ಜೋಸೆ ಕೋಟೆಗೆ ಹೋದೆ. 1764ರಲ್ಲಿ ಪೋರ್ಚುಗೀಸರು ಶುರುಮಾಡಿದ ಕೋಟೆ. ಕಲ್ಲು ಹೊತ್ತವರು ಮೂಲನಿವಾಸಿಗಳು, ಆಫ್ರಿಕಾದಿಂದ ತಂದ ಗುಲಾಮರು. ಕೆಳಗೆ ಕಡಲಿನಷ್ಟು ಅಗಲವಾದ ಅಮೆಜಾನ್. ದಿನಕ್ಕೆರಡು ಸಲ ಉಬ್ಬರ, ಎರಡು ಸಲ ಇಳಿತ. ಬಯಲುಸೀಮೆಯಲ್ಲಿ ಬೋರ್‌ವೆಲ್ ಮುಂದೆ ಕೊಡ ಹಿಡಿದು ಬೆಳೆದ ನನಗೆ ಹೊಟ್ಟೆಕಿಚ್ಚಾಯಿತು. ಇವರಿಗೇನು ನೀರಿನ ಚಿಂತೆ!

ಆ ರಾತ್ರಿ ಮನೆಯೊಡತಿ 2020ರ ನವೆಂಬರಿನ ಕಥೆ ಹೇಳಿದರು. ವಿದ್ಯುತ್ ಉಪಕೇಂದ್ರಕ್ಕೆ ಬೆಂಕಿ ಬಿದ್ದು ರಾಜ್ಯದ ಬಹುಪಾಲು ಕತ್ತಲಾಯಿತು. ಪಂಪುಗಳು ನಿಂತವು, ನಲ್ಲಿಗಳು ಒಣಗಿದವು. ಎಲ್ಲ ಸರಿಹೋಗಲು ಮೂರು ವಾರ ಬೇಕಾಯಿತು.

"ಜಗತ್ತಿನ ಅತಿ ದೊಡ್ಡ ನದಿ ಎದುರಿಗೇ ಇತ್ತು. ಕುಡಿಯೋಕೆ ನೀರಿರಲಿಲ್ಲ" ಎಂದರು.

ನನ್ನ ಹೊಟ್ಟೆಕಿಚ್ಚಿನ ಮಾತನ್ನು ಅವರಿಗೆ ಹೇಳಲಿಲ್ಲ. ನಮ್ಮೂರ ಬೋರ್‌ವೆಲ್ಲಿನ ಸರದಿಯ ಬಗ್ಗೆ ಹೇಳಿದೆ. ಅವರಿಗೆ ಚೆನ್ನಾಗಿಯೇ ಅರ್ಥವಾಯಿತು.